ವಂಶಾವಳಿ ವರದಿ ಬರೆಯುವ ಕ್ರಮ: ಮುಂಬಯಿಯಲ್ಲಿದ್ದು ಊರಿನ ಮೂಲ ಹುಡುಕುವವರಿಗೆ

ಮುಂಬಯಿಯಲ್ಲಿದ್ದು ಊರಿನ ಮನೆತನದ ಬೇರು ಹುಡುಕುವವರಿಗೆ ಸಾಮಗ್ರಿಯ ಕೊರತೆ ಅಷ್ಟಾಗಿ ಇರುವುದಿಲ್ಲ. ಟ್ರಂಕಿನಲ್ಲಿ ಹಳೆಯ ಲಗ್ನಪತ್ರಿಕೆಗಳು, ರೇಷನ್ ಕಾರ್ಡು, ಚಾಳಿನ ಬಾಡಿಗೆ ರಸೀದಿ, ಅಜ್ಜನ ಶಾಲೆಯ ಲೀವಿಂಗ್ ಸರ್ಟಿಫಿಕೇಟು ಇರುತ್ತವೆ. ಫೋನಿನಲ್ಲಿ ಊರಿನ ದೊಡ್ಡಮ್ಮ ಹೇಳಿದ್ದರ ರೆಕಾರ್ಡಿಂಗ್ ಇರುತ್ತದೆ. ಇಷ್ಟಿದ್ದೂ ಕೊನೆಗೆ ಉಳಿಯುವುದು ದೊಡ್ಡ ಹಾಳೆಯ ಮೇಲೆ ಬಿಡಿಸಿದ ಒಂದು ಮರ ಮಾತ್ರ. ಅದರಲ್ಲಿ ಈ ಹೆಸರಿನಿಂದ ಆ ಹೆಸರಿಗೆ ಎಳೆದ ಗೆರೆಗೆ ಆಧಾರ ಯಾವ ಕಾಗದ ಎಂದು ಕೇಳಿದರೆ, ಎಳೆದವರಿಗೇ ನೆನಪಿರುವುದಿಲ್ಲ. ವರದಿ ಬರೆಯುವುದು ಆ ಗೆರೆಯ ಸಲುವಾಗಿ.

ಬರೆಯುವಾಗ ಓದುವವರನ್ನು ಕಣ್ಣ ಮುಂದೆ ಇಟ್ಟುಕೊಳ್ಳಿ. ಮೂವತ್ತು ವರ್ಷದ ನಂತರ ಇದನ್ನು ತೆರೆಯುವ ಮೊಮ್ಮಗಳಿಗೆ ನಿಮ್ಮನ್ನು ಕೇಳುವ ಅವಕಾಶ ಇರುವುದಿಲ್ಲ. ಅವಳು ಮರಾಠಿಯಲ್ಲೋ ಇಂಗ್ಲಿಷಿನಲ್ಲೋ ಓದಿ ಬೆಳೆದಿರಬಹುದು, ಕನ್ನಡ ಅಕ್ಷರ ಕೂಡಿಸಿ ಓದುವಷ್ಟೇ ಬರಬಹುದು. ಆದ್ದರಿಂದ ಪ್ರತಿ ವ್ಯಕ್ತಿಯ ಮತ್ತು ಪ್ರತಿ ಊರಿನ ಹೆಸರನ್ನು ಮೊದಲ ಸಲ ಬರುವಲ್ಲಿ ಕನ್ನಡ, ದೇವನಾಗರಿ, ರೋಮನ್ ಮೂರರಲ್ಲೂ ಬರೆಯಿರಿ. ಆಮೇಲೆ ಕನ್ನಡ ಒಂದೇ ಸಾಕು.

ಒಂದು ವರದಿಗೆ ಒಂದೇ ಪ್ರಶ್ನೆ

'ನಮ್ಮ ಮನೆತನದ ಇತಿಹಾಸ' ಎಂಬುದು ಪ್ರಶ್ನೆಯಲ್ಲ, ಅದಕ್ಕೆ ಮುಗಿತಾಯವೂ ಇಲ್ಲ. ಹತ್ತು ವರ್ಷ ಟಿಪ್ಪಣಿ ಮಾಡಿ ಒಂದು ಪುಟವೂ ಬರೆಯದೆ ಉಳಿಯುವುದು ಇದರಿಂದಲೇ. ಪ್ರಶ್ನೆಯಲ್ಲಿ ಒಬ್ಬ ವ್ಯಕ್ತಿ, ಅವರನ್ನು ಗುರುತಿಸುವ ಒಂದು ಕಾಲ ಮತ್ತು ಸ್ಥಳ, ತಿಳಿಯಬೇಕಾದ ಒಂದು ಸಂಗತಿ ಇರಬೇಕು. 'ನನ್ನ ತಂದೆಯ ತಂದೆಯ ತಂದೆ, 1912ರಲ್ಲಿ ಉಡುಪಿ ತಾಲೂಕಿನಲ್ಲಿ ಇದ್ದವರು, ಯಾವ ವರ್ಷ ತೀರಿಕೊಂಡರು?' ಎಂಬುದಕ್ಕೆ ಉತ್ತರ ಹುಡುಕಬಹುದು. ಸಿಗದಿದ್ದರೂ ಎಲ್ಲೆಲ್ಲಿ ಹುಡುಕಿಯಾಯಿತು ಎಂದು ಬರೆಯಬಹುದು.

ವರದಿಯ ಭಾಗಗಳು ಹೆಚ್ಚೇನಿಲ್ಲ. ಮೇಲೆ ಶೀರ್ಷಿಕೆ, ಬರೆದವರ ಹೆಸರು, ತಾರೀಕು, ಆವೃತ್ತಿ ಸಂಖ್ಯೆ. ಅದರ ಕೆಳಗೆ ಪ್ರಶ್ನೆ. ಪ್ರಶ್ನೆಯ ಕೆಳಗೇ ಐದಾರು ಸಾಲಿನಲ್ಲಿ ಉತ್ತರ. ಉತ್ತರವನ್ನು ಕೊನೆಯ ಪುಟಕ್ಕೆ ಕಾದಿರಿಸಬೇಡಿ, ಮನೆಯ ಅರ್ಧ ಜನ ಮೊದಲ ಪುಟದಿಂದ ಆಚೆ ಹೋಗುವುದಿಲ್ಲ. ಆಮೇಲೆ ಹುಡುಕುವ ಮೊದಲೇ ಗೊತ್ತಿದ್ದದ್ದು, ಹುಡುಕಾಟದ ಮಿತಿ, ಸಿಕ್ಕಿದ್ದು, ಒಂದಕ್ಕೊಂದು ಹೊಂದದ ಸಂಗತಿಗಳು, ಹುಡುಕಿಯೂ ಸಿಗದಿದ್ದದ್ದು, ತೀರ್ಮಾನ, ಮುಂದೆ ನೋಡಬೇಕಾದದ್ದು, ಕೊನೆಗೆ ಕಾಗದಗಳ ನಕಲು. ಮಿತಿ ಎಂದಲ್ಲಿ ಎಷ್ಟು ದಿನ ಕೆಲಸ ಮಾಡಿದಿರಿ, ಯಾವ ಕಚೇರಿಗೆ ಹೋದಿರಿ, ಯಾವ ಲಿಪಿ ನಿಮಗೆ ಓದಲು ಬರುವುದಿಲ್ಲ ಎಂಬುದನ್ನು ಬರೆಯಿರಿ. ಹಳೆಯ ಮರಾಠಿ ಕಾಗದಗಳ ಮೋಡಿ ಲಿಪಿ ಬಾರದವರು ಪುಣೆಯ ಪೇಶ್ವೆ ದಫ್ತರದಲ್ಲಿ 'ಏನೂ ಸಿಗಲಿಲ್ಲ' ಎಂದು ಬರೆದರೆ ಆ ಮಾತಿಗೆ ತೂಕವಿಲ್ಲ.

ಕಾಗದ ಹೇಳಿದ್ದು, ನೀವು ಹೇಳುವುದು

ವರದಿಯ ಜೀವ ಇರುವುದು ಇಲ್ಲಿ. ಪ್ರತಿ ಸಂಗತಿಗೆ ಮೂರು ಮಾತು ಬೇಕು: ಕಾಗದದಲ್ಲಿ ಇದ್ದ ಹಾಗೇ ಏನಿದೆ, ಆ ಕಾಗದ ಎಷ್ಟು ನಂಬಿಕೆಗೆ ಅರ್ಹ, ಅದರಿಂದ ನೀವು ಏನು ತಿಳಿದುಕೊಂಡಿರಿ. ಈ ಮೂರು ಬೆರೆತುಹೋದರೆ ಮುಂದೆ ಯಾರಿಂದಲೂ ಬಿಡಿಸಲಾಗುವುದಿಲ್ಲ.

ಮೇಲಿನ ಪ್ರಶ್ನೆಯನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ಕೈಯಲ್ಲಿ ಮೂರು ಕಾಗದ ಇವೆ ಎಂದುಕೊಳ್ಳಿ. ಮೊದಲನೆಯದು, ಪ್ರತಿವರ್ಷದ ಶ್ರಾದ್ಧಕ್ಕಾಗಿ ಮನೆಯ ಪುಸ್ತಕದಲ್ಲಿ ಬರೆದಿಟ್ಟ ಸಾಲು: 'ಕಾಳಯುಕ್ತಿ ಸಂ. ಆಶ್ವೀಜ ಬ. 5'. ಎರಡನೆಯದು, 1912ರ ಶಾಲಾ ದಾಖಲಾತಿ ಪುಸ್ತಕದ ನಕಲು. ಅದರಲ್ಲಿ ಮಗನ ಹೆಸರಿನ ಮುಂದೆ ತಂದೆಯೆಂದು ಇವರ ಹೆಸರು, ಪಕ್ಕದಲ್ಲಿ ಇವರ ಸಹಿ. ಮೂರನೆಯದು 1941ರಲ್ಲಿ ಅಚ್ಚಾದ ಮೊಮ್ಮಗಳ ಲಗ್ನಪತ್ರಿಕೆ, ಅದರಲ್ಲಿ ಇವರ ಹೆಸರಿನ ಹಿಂದೆ 'ದಿ.'.

ಸಾಮಾನ್ಯವಾಗಿ ಬರೆಯುವುದು ಹೀಗೆ: 'ಮುತ್ತಜ್ಜ 1918ರಲ್ಲಿ ಇನ್‌ಫ್ಲುಯೆಂಜಾದಿಂದ ತೀರಿಕೊಂಡರು.' ಬರೆಯಬೇಕಾದದ್ದು ಹೀಗೆ:

'ಮನೆಯ ಶ್ರಾದ್ಧದ ಪುಸ್ತಕದಲ್ಲಿ ಇವರ ತಿಥಿ ಕಾಳಯುಕ್ತಿ ಸಂವತ್ಸರದ ಆಶ್ವೀಜ ಬಹುಳ ಪಂಚಮಿ ಎಂದಿದೆ. ಬರಹ ಸೊಸೆಯದು ಎಂದು ಮನೆಯವರು ಗುರುತಿಸುತ್ತಾರೆ, ಬರೆದ ವರ್ಷ ತಿಳಿಯದು. ಕಾಳಯುಕ್ತಿ 60 ವರ್ಷಕ್ಕೊಮ್ಮೆ ಬರುವುದರಿಂದ ಇದು 1858, 1918, 1978 ಮೂರರಲ್ಲಿ ಯಾವುದೂ ಆಗಬಹುದು. 1912ರ ಶಾಲಾ ಪುಸ್ತಕದಲ್ಲಿ ಇವರ ಸಹಿ ಇದೆ, ಆದ್ದರಿಂದ 1858 ಅಲ್ಲ. 1941ರ ಲಗ್ನಪತ್ರಿಕೆಯಲ್ಲಿ ಇವರನ್ನು ದಿವಂಗತರೆಂದು ಕಾಣಿಸಿದೆ, ಆದ್ದರಿಂದ 1978 ಅಲ್ಲ. ಉಳಿಯುವುದು 1918. ಆ ವರ್ಷ ಆಶ್ವೀಜ ಬಹುಳ ಪಕ್ಷ ಅಕ್ಟೋಬರ್ 20ರ ಸುಮಾರಿಗೆ ಶುರುವಾಯಿತು. ಮರಣದ ಕಾರಣ ಯಾವ ಕಾಗದದಲ್ಲೂ ಇಲ್ಲ.'

ಮೂರು ಕಾಗದಗಳಲ್ಲಿ ಒಂದರಲ್ಲೂ '1918' ಎಂಬ ಅಂಕಿ ಇಲ್ಲ. ಆದರೂ ತೀರ್ಮಾನ ಗಟ್ಟಿಯಾಗಿದೆ, ಏಕೆಂದರೆ ಪ್ರತಿ ಹೆಜ್ಜೆ ಓದುವವರ ಕಣ್ಣ ಮುಂದೆ ಇದೆ. 1918ರ ಆ ದಿನಗಳಲ್ಲಿ ಇನ್‌ಫ್ಲುಯೆಂಜಾ ದೇಶವೆಲ್ಲ ಹಬ್ಬಿದ್ದು ನಿಜ. ಆದರೆ ಊರಿಗೆ ಬಂದ ಜ್ವರ ಈ ಮನುಷ್ಯನಿಗೇ ಬಂತೆಂದು ಹೇಳಲು ಬೇರೆ ಸಾಕ್ಷ್ಯ ಬೇಕು. ಹಾಗೆಯೇ ಮುಂಬಯಿಯಲ್ಲಿ 1896-97ರಲ್ಲಿ ಸತ್ತವರನ್ನೆಲ್ಲ ಪ್ಲೇಗಿಗೆ ಸೇರಿಸಬೇಡಿ.

ಒಂದೇ ಕಾಗದದ ಎಲ್ಲ ಕಾಲಮ್ಮುಗಳಿಗೂ ಒಂದೇ ತೂಕ ಕೊಡುವುದು ಎಲ್ಲರೂ ಮಾಡುವ ತಪ್ಪು. ಮಹಾನಗರಪಾಲಿಕೆಯ ಮರಣ ನೋಂದಣಿಯಲ್ಲಿ ಸತ್ತ ದಿನ ಮತ್ತು ಸ್ಥಳ ಹತ್ತಿರದವರು ಆಗಲೇ ಬರೆಸಿದ್ದು, ಅದನ್ನು ನಂಬಬಹುದು. ಅದೇ ಸಾಲಿನ ವಯಸ್ಸು ಮತ್ತು ಹುಟ್ಟಿದ ಊರು ಮಾಹಿತಿ ಕೊಟ್ಟವರ ಅಂದಾಜು. ಮಾಹಿತಿ ಕೊಟ್ಟವರು ಮಗನೋ ಪಕ್ಕದ ಖೋಲಿಯವರೋ (ಕೋಣೆಯವರೋ) ಎಂದು ನೋಡಿ ಬರೆಯಿರಿ. ಲೀವಿಂಗ್ ಸರ್ಟಿಫಿಕೇಟಿನಲ್ಲಿ ಜನ್ಮದಿನ ಜೂನ್ 1 ಎಂದಿದ್ದರೆ ಅನುಮಾನಿಸಿ: ಶಾಲೆಗೆ ಸೇರಿಸುವಾಗ ತಾರೀಕು ಗೊತ್ತಿಲ್ಲದ ಮಕ್ಕಳಿಗೆ ಮಾಸ್ತರರು ಬರೆಯುತ್ತಿದ್ದ ತಾರೀಕು ಅದು. ಜನನ ನೋಂದಣಿಯಲ್ಲಿ ಮಗುವಿನ ಹೆಸರೇ ಇಲ್ಲದಿರುವುದು ಸಾಮಾನ್ಯ, ನಾಮಕರಣಕ್ಕೆ ಮೊದಲೇ ಬರೆಸಿರುತ್ತಾರೆ. ತಂದೆಯ ಹೆಸರು ಮತ್ತು ತಾರೀಕಿನಿಂದ ಹುಡುಕಿ.

ಊರಿನಲ್ಲಿ ಕಂದಾಯ ಇಲಾಖೆ ಕೊಡುವ ವಂಶವೃಕ್ಷ ಪ್ರಮಾಣಪತ್ರವನ್ನೂ ಎಚ್ಚರಿಕೆಯಿಂದ ಬಳಸಿ. ಅದು ವಾರಸುದಾರಿಕೆಗಾಗಿ ಮಾಡಿಸಿದ್ದು, ಅರ್ಜಿದಾರರು ಹೇಳಿದ್ದರ ಮೇಲೆ ನಿಂತದ್ದು. ಚಿಕ್ಕಂದಿನಲ್ಲೇ ತೀರಿಕೊಂಡ ಮಕ್ಕಳು, ಮುಂಬಯಿಗೆ ಹೋಗಿ ಮತ್ತೆ ಬಾರದ ಅಣ್ಣ, ಮದುವೆಯಾಗಿ ಹೋದ ಹೆಣ್ಣುಮಕ್ಕಳು ಅದರಲ್ಲಿ ಬಿಟ್ಟುಹೋಗಿರಬಹುದು. ಮಹಾರಾಷ್ಟ್ರದಲ್ಲಿ ಜಮೀನಿದ್ದರೆ ಸಾತ್‌-ಬಾರಾ ಉತಾರಕ್ಕಿಂತ (ನಮ್ಮ ಪಹಣಿಯಂಥದ್ದು) ಫೇರ್‌ಫಾರ್ ನೋಂದಣಿ ಹೆಚ್ಚು ಹೇಳುತ್ತದೆ: ಯಾರು ತೀರಿಕೊಂಡಾಗ ಯಾರ ಹೆಸರು ಏರಿತು ಎಂಬುದು ಅದರಲ್ಲಿ ಇರುತ್ತದೆ.

ತಾರೀಕುಗಳು

ಕಾಗದದಲ್ಲಿ ಇದ್ದ ರೂಪ ಮೊದಲು, ನಿಮ್ಮ ಲೆಕ್ಕ ಆಮೇಲೆ. ಎರಡನ್ನೂ ಬರೆಯಿರಿ. ಶಾಲಿವಾಹನ ಶಕೆಗೆ 78 ಕೂಡಿಸಿದರೆ ಇಸವಿ ಬರುತ್ತದೆ, ಆದರೆ ಪುಷ್ಯ, ಮಾಘ, ಫಾಲ್ಗುಣದ ತಿಥಿ ಜನವರಿ ಅಥವಾ ಅದರ ಮುಂದಕ್ಕೆ ಬಿದ್ದರೆ 79. ದಕ್ಷಿಣ ಕನ್ನಡ ಮದ್ರಾಸ್ ಪ್ರಾಂತ್ಯದಲ್ಲಿ ಇದ್ದುದರಿಂದ ಅಲ್ಲಿನ ಕಂದಾಯ ಕಾಗದಗಳಲ್ಲಿ ಫಸಲಿ ಎಂಬ ಕಂದಾಯದ ವರ್ಷ ಇರುತ್ತದೆ. ಅದಕ್ಕೆ 590 ಕೂಡಿಸಿ: ಫಸಲಿ 1330 ಎಂದರೆ 1920 ಜುಲೈ 1ರಿಂದ 1921 ಜೂನ್ 30. ಇಲ್ಲಿ '1920' ಎಂದಷ್ಟೇ ಬರೆದರೆ ಅರ್ಧ ತಪ್ಪು, '1920-21' ಎನ್ನಿ. ಮರಾಠಾ ಕಾಲದ ಕಾಗದಗಳಲ್ಲಿ ಬರುವ ಸುಹೂರ್ ಸನ್‌ಗೆ 599 ಅಥವಾ 600 ಕೂಡಿಸಬೇಕು. ಆ ವರ್ಷ ಮೃಗ ನಕ್ಷತ್ರದ ಹೊತ್ತಿಗೆ, ಅಂದರೆ ಮೇ ಕೊನೆ ಅಥವಾ ಜೂನ್ ಮೊದಲಲ್ಲಿ ಬದಲಾಗುತ್ತದೆ.

ತುಳುನಾಡಿನ ಹಿರಿಯರು ಆಟಿ, ಸೋಣ ಎಂದು ಸೌರಮಾನದ ತಿಂಗಳು ಹೇಳುತ್ತಾರೆ. ಸೋಣ ಆಗಸ್ಟ್ ನಡುವಿನಿಂದ ಸೆಪ್ಟೆಂಬರ್ ನಡುವಿನವರೆಗೆ. ಇದನ್ನು ಶ್ರಾವಣವೆಂದೋ ಭಾದ್ರಪದವೆಂದೋ 'ಅನುವಾದ' ಮಾಡಬೇಡಿ, ಚಾಂದ್ರಮಾನದ ತಿಂಗಳು ವರ್ಷದಿಂದ ವರ್ಷಕ್ಕೆ ಜಾರುತ್ತದೆ.

ನಿಮ್ಮ ಬರಹದಲ್ಲಿ ತಿಂಗಳನ್ನು ಅಕ್ಷರದಲ್ಲಿ ಬರೆಯಿರಿ: 1962 ಮೇ 4. '4-5-62' ಎಂದು ಬರೆದರೆ ಅಮೆರಿಕದಲ್ಲಿರುವ ಮೊಮ್ಮಗ ಅದನ್ನು ಏಪ್ರಿಲ್ 5 ಎಂದು ಓದುತ್ತಾನೆ. ಅಂದಾಜಿಗೆ 'ಸು.', ಮಿತಿ ಮಾತ್ರ ಗೊತ್ತಿದ್ದರೆ 'ಮೊದಲು' ಮತ್ತು 'ನಂತರ'. '1912ರ ನಂತರ, 1941ಕ್ಕೆ ಮೊದಲು' ಎಂಬುದು ಸುಳ್ಳು ನಿಖರತೆಗಿಂತ ಸಾವಿರ ಪಾಲು ಉಪಯುಕ್ತ.

ಹೆಸರು, ನಂಟು, ಸಂಖ್ಯೆ

ಕನ್ನಡದ ನಂಟಿನ ಹೆಸರುಗಳು ಮನೆಯಲ್ಲಿ ಸರಿ, ವರದಿಯಲ್ಲಿ ಅಪಾಯ. 'ಅಣ್ಣ' ಎಂದರೆ ಒಡಹುಟ್ಟಿದವನೂ ಹೌದು, ದೊಡ್ಡಪ್ಪನ ಮಗನೂ ಹೌದು. 'ಅತ್ತೆ' ತಂದೆಯ ತಂಗಿ, ಸೋದರಮಾವನ ಹೆಂಡತಿ, ಗಂಡನ ತಾಯಿ ಮೂವರಿಗೂ ಸಲ್ಲುತ್ತದೆ. ಸೋದರಮಾವನ ಮಗಳನ್ನು ಮದುವೆಯಾದ ಮನೆಯಲ್ಲಂತೂ ಒಬ್ಬರೇ ಎರಡು ನಂಟಿನಲ್ಲಿ ಇರುತ್ತಾರೆ. ದೊಡ್ಡಮ್ಮ 'ನಮ್ಮ ಅಣ್ಣ' ಎಂದರೆ ರೆಕಾರ್ಡಿಂಗ್ ನಡೆಯುತ್ತಿರುವಾಗಲೇ 'ಒಂದೇ ತಾಯಿಯ ಮಕ್ಕಳಾ, ದೊಡ್ಡಮ್ಮ?' ಎಂದು ಕೇಳಿಬಿಡಿ. ವರದಿಯಲ್ಲಿ 'ತಾಯಿಯ ಒಡಹುಟ್ಟಿದ ಅಣ್ಣ' ಎಂದು ಬಿಡಿಸಿ ಬರೆಯಿರಿ.

ಗೊಂದಲ ತಪ್ಪಿಸಲು ಪ್ರತಿಯೊಬ್ಬರಿಗೂ ಸಂಖ್ಯೆ ಕೊಡಿ. ಆನೆನ್‌ಟಾಫೆಲ್ ಎಂಬ ಜರ್ಮನ್ ಹೆಸರಿನ ಕ್ರಮ ಸುಲಭ: ನೀವು 1, ತಂದೆ 2, ತಾಯಿ 3. ಯಾರದೇ ಸಂಖ್ಯೆಯನ್ನು ಎರಡರಿಂದ ಗುಣಿಸಿದರೆ ಅವರ ತಂದೆ, ಅದಕ್ಕೆ ಒಂದು ಕೂಡಿಸಿದರೆ ತಾಯಿ. ಹಾಗಾಗಿ ಗೋತ್ರ ಹಿಡಿದು ಹೋಗುವ ತಂದೆಯ ಸಾಲು 1, 2, 4, 8, 16. ಬಂಟ, ಬಿಲ್ಲವ, ಮೊಗವೀರರಂಥ, ಮನೆತನ ತಾಯಿಯಿಂದ ಇಳಿಯುವ ಅಳಿಯಸಂತಾನದ ಮನೆಗಳಲ್ಲಿ 'ಬರಿ' (ತಾಯಿಯ ಕಡೆಯಿಂದ ಬರುವ ಕುಲದ ಹೆಸರು) ಹಿಡಿದು ಹೋಗುವ ತಾಯಿಯ ಸಾಲು 1, 3, 7, 15, 31. ಅಳಿಯಸಂತಾನದ ಕುಟುಂಬವನ್ನು ತಂದೆಯಿಂದ ಮಗನಿಗೆ ಇಳಿಯುವ ಮರದಲ್ಲಿ ತೂರಿಸಿದರೆ ಮನೆತನವೇ ಕಳೆದುಹೋಗುತ್ತದೆ. ಯಾವ ಸಾಲನ್ನು ಹಿಡಿದಿದ್ದೀರಿ ಎಂದು ಮೊದಲ ಪುಟದಲ್ಲೇ ಹೇಳಿ. ಸೋದರಿಕೆಯಲ್ಲಿ ಮದುವೆಯಾಗಿದ್ದರೆ ಒಬ್ಬರಿಗೇ ಎರಡು ಸಂಖ್ಯೆ ಬರುತ್ತದೆ. ಎರಡನ್ನೂ ಬರೆಯಿರಿ, 'ವ್ಯಕ್ತಿ 10, ಅವರೇ 12' ಎಂದು.

ಅಳಿಯಸಂತಾನದ ಮನೆಗಳ ಕಾಗದಗಳಲ್ಲಿ ಇನ್ನೊಂದು ಬಲೆ ಇದೆ. ಮನೆಯ ಯಜಮಾನ ಸೋದರಮಾವ, ಹಾಗಾಗಿ ಊರಿನ ಶಾಲೆಯ ಪೋಷಕರ ಕಾಲಮ್ಮಿನಲ್ಲಿ ಅವರ ಹೆಸರಿರಬಹುದು. ಹುಡುಗ ಮುಂಬಯಿಗೆ ಬಂದಾಗ ಇಲ್ಲಿಯ ಪದ್ಧತಿಯಂತೆ ಹೆಸರಿನ ನಡುವೆ ತಂದೆಯ ಹೆಸರು ಬೇಕು, ಗುಮಾಸ್ತರು ಪೋಷಕರ ಹೆಸರನ್ನೇ ಅಲ್ಲಿಗೆ ಎತ್ತಿ ಬರೆದಿದ್ದರೆ ಮಾವ ತಂದೆಯಾಗಿಬಿಡುತ್ತಾನೆ. 1949ರ ಮದ್ರಾಸ್ ಅಳಿಯಸಂತಾನ ಕಾಯಿದೆ 'ಕವರು'ಗಳಿಗೆ, ಅಂದರೆ ತಾಯಿಯ ಸಂತತಿಯ ಕವಲುಗಳಿಗೆ, ಪಾಲು ಕೇಳುವ ಹಕ್ಕು ಕೊಟ್ಟಿತು. ಅದರ ನಂತರದ ಪಾಲುಪಟ್ಟಿ ಮನೆಯಲ್ಲಿದ್ದರೆ ಮೊದಲು ಅದನ್ನು ಓದಿ, ತಾಯಿ-ಮಕ್ಕಳ ಸಾಲು ಬೇರಾವ ಕಾಗದಕ್ಕಿಂತಲೂ ಚೆನ್ನಾಗಿ ಅಲ್ಲಿ ಸಿಗುತ್ತದೆ.

ಕಾಗದದಲ್ಲಿ ಹೆಸರು ಹೇಗಿದೆಯೋ ಹಾಗೆ ಉದ್ಧರಣ ಚಿಹ್ನೆಯೊಳಗೆ ಬರೆಯಿರಿ. 'ಶೆಟ್ಟಿ' ಎಂಬುದು 'ಶೇಟಿ' ಆಗಿದ್ದರೆ ಅದನ್ನು ತಿದ್ದಬೇಡಿ. ಹೆಣ್ಣುಮಕ್ಕಳನ್ನು ತವರಿನ ಹೆಸರಿನಿಂದಲೇ ಕರೆಯಿರಿ. ಮದುವೆಯಲ್ಲಿ ಹೆಸರು ಬದಲಾಗಿದ್ದರೆ ಒಮ್ಮೆ ಸೂಚಿಸಿ. ಮರಾಠಿಯಲ್ಲಿ ಅಚ್ಚಾದ ಪತ್ರಿಕೆಗಳಲ್ಲಿ 'ಕೈ.' ಎಂದರೆ ಕೈಲಾಸವಾಸಿ, ತೀರಿಕೊಂಡವರು. 'ಗಂ. ಭಾ.' ಎಂದರೆ ವಿಧವೆ. ಎರಡನೆಯದರಿಂದ ಗಂಡ ಆ ಹೊತ್ತಿಗೆ ಇರಲಿಲ್ಲ ಎಂಬುದೂ ತಿಳಿಯುತ್ತದೆ.

ಊರು ಆಗ ಎಲ್ಲಿತ್ತು

ಘಟನೆ ನಡೆದ ಕಾಲದ ಆಡಳಿತದ ಹೆಸರು ಬರೆದು, ಈಗಿನದನ್ನು ಪಕ್ಕಕ್ಕೆ ಕೊಡಿ. ಇದು ಶಿಸ್ತಿನ ಮಾತಷ್ಟೇ ಅಲ್ಲ, ಕಾಗದ ಎಲ್ಲಿದೆ ಎಂಬುದರ ದಾರಿ. 1910ರ ಉಡುಪಿ ಮದ್ರಾಸ್ ಪ್ರಾಂತ್ಯದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿತ್ತು, ಉಡುಪಿ ಜಿಲ್ಲೆ ಹುಟ್ಟಿದ್ದು 1997ರಲ್ಲಿ. ಕಾರವಾರ, ಕುಮಟಾ ಕಡೆಯ ಉತ್ತರ ಕನ್ನಡ 1862ರಲ್ಲಿ ಮದ್ರಾಸಿನಿಂದ ಮುಂಬಯಿ ಪ್ರಾಂತ್ಯಕ್ಕೆ ಬಂತು. ಧಾರವಾಡ, ಬೆಳಗಾವಿ, ಬಿಜಾಪುರವೂ 1956ರವರೆಗೆ ಮುಂಬಯಿಯೊಂದಿಗೇ ಇದ್ದವು. ಆ ಕಡೆಯವರಿಗೆ ಮುಂಬಯಿಯ ಫೋರ್ಟಿನಲ್ಲಿ ಎಲ್ಫಿನ್‌ಸ್ಟನ್ ಕಾಲೇಜಿನ ಕಟ್ಟಡದಲ್ಲಿರುವ ರಾಜ್ಯ ಪತ್ರಾಗಾರ ನೋಡಲೇಬೇಕಾದ ಜಾಗ. ಕಾಸರಗೋಡು 1956ರವರೆಗೆ ದಕ್ಷಿಣ ಕನ್ನಡದ ತಾಲೂಕು.

ಕುಲದೇವರು ಗೋವೆಯಲ್ಲಿರುವ ಸಾರಸ್ವತರು ಮತ್ತು ಮಂಗಳೂರಿನ ಕ್ಯಾಥೊಲಿಕರು ಒಂದು ಹಂತದಲ್ಲಿ ಪಣಜಿಯ ಪತ್ರಾಗಾರಕ್ಕೆ ಹೋಗಬೇಕಾಗುತ್ತದೆ. 1961 ಡಿಸೆಂಬರ್ 19ರವರೆಗಿನ ಸರ್ಕಾರಿ ಕಾಗದ ಪೋರ್ಚುಗೀಸಿನಲ್ಲಿ ಇರುತ್ತದೆ. ಆಸ್ತಿ ಹಂಚಿಕೆಯ ಇನ್ವೆಂಟರಿ ಕಡತಗಳಲ್ಲಿ ವಾರಸುದಾರರ ಪಟ್ಟಿ ಸಿಗುತ್ತದೆ. ಆದರೆ ಕುಲದೇವರು ಮಂಗೇಶಿಯಲ್ಲಿ ಇದ್ದಾನೆ ಎಂಬುದರಿಂದ ಪೂರ್ವಜರು ಮಂಗೇಶಿ ಊರಿನವರು ಎಂದು ಬರೆಯಬೇಡಿ: ಆ ದೇವರನ್ನೇ 1560ರಲ್ಲಿ ಕುಶಸ್ಥಳಿಯಿಂದ ಅಲ್ಲಿಗೆ ಒಯ್ದದ್ದು.

ಸಿಗದಿದ್ದದ್ದೂ, ಹೊಂದದ್ದೂ

'ಮರಣ ನೋಂದಣಿಯಲ್ಲಿ ಇಲ್ಲ' ಎಂದಷ್ಟು ಬರೆದರೆ ಮುಂದಿನವರು ಅದೇ ಪುಸ್ತಕವನ್ನು ಮತ್ತೆ ತಿರುವುತ್ತಾರೆ. ಯಾವ ಕಚೇರಿ, ಯಾವ ವಾರ್ಡು, ಯಾವ ವರ್ಷದಿಂದ ಯಾವ ವರ್ಷ, ಯಾವ ಯಾವ ಕಾಗುಣಿತದಲ್ಲಿ ಹುಡುಕಿದ್ದು, ಹರಿದ ಪುಟಗಳಿದ್ದವೇ, ನೀವೇ ಪುಸ್ತಕ ನೋಡಿದಿರೋ ಗುಮಾಸ್ತರು ನೋಡಿ ಹೇಳಿದರೋ, ಎಲ್ಲ ಬರೆಯಿರಿ.

ಎರಡು ಕಾಗದ ಎರಡು ಮಾತು ಹೇಳಿದರೆ ಒಂದನ್ನು ಮುಚ್ಚಿಡಬೇಡಿ. ಎರಡನ್ನೂ ಇಟ್ಟು, ಯಾವುದು ಘಟನೆಗೆ ಹತ್ತಿರದ ಕಾಲದ್ದು, ಯಾರು ಹೇಳಿದ್ದು, ಹೇಳಿದವರಿಗೆ ತಪ್ಪು ಹೇಳುವ ಕಾರಣ ಇತ್ತೇ ಎಂದು ತೂಗಿ ತೀರ್ಮಾನಿಸಿ. ಕೆಲಸಕ್ಕೆ ಸೇರುವಾಗ ವಯಸ್ಸು ಹೆಚ್ಚಿಸಿ ಬರೆಸಿದ ಹುಡುಗರು ಇದ್ದರು. ಮೂರು ಕಾಗದ ಒಂದೇ ಮಾತು ಹೇಳಿದರೂ ಹಿಗ್ಗಬೇಡಿ: ಎರಡನೆಯದೂ ಮೂರನೆಯದೂ ಮೊದಲನೆಯದರಿಂದ ನಕಲಾದದ್ದಾದರೆ ಸಾಕ್ಷಿ ಒಂದೇ. ತೀರ್ಮಾನದ ಬಲ ಹೇಳಲು ಮೂರು ಪದ ನಿಗದಿ ಮಾಡಿಕೊಳ್ಳಿ, 'ಖಚಿತ', 'ಬಹುಮಟ್ಟಿಗೆ', 'ಸಾಧ್ಯ'. ಅರ್ಥವನ್ನು ಮೊದಲ ಪುಟದಲ್ಲೇ ಕೊಟ್ಟು ಕೊನೆಯವರೆಗೂ ಅದೇ ಅರ್ಥದಲ್ಲಿ ಬಳಸಿ.

ಪುಟದ ರೂಪ

ಎ4 ಹಾಳೆ, ಸುತ್ತ 2.5 ಸೆಂ.ಮೀ. ಅಂಚು, ಬೈಂಡ್ ಮಾಡಿಸುವುದಾದರೆ ಎಡಕ್ಕೆ 3.5. ಅಕ್ಷರ 12 ಪಾಯಿಂಟ್, ಸಾಲಿನ ಅಂತರ ಒಂದೂವರೆ. ಅಂತರವನ್ನು ಇಂತಿಷ್ಟೇ ಪಾಯಿಂಟ್ ಎಂದು ಬಿಗಿಮಾಡಿದರೆ ಒತ್ತಕ್ಷರಗಳ ಬುಡ ಕತ್ತರಿಸಿಹೋಗುತ್ತದೆ. ಯುನಿಕೋಡ್ ಫಾಂಟನ್ನೇ ಬಳಸಿ. ಹಳೆಯ 'ನುಡಿ', 'ಬರಹ' ತಂತ್ರಾಂಶಗಳಲ್ಲಿ ಮಾಡಿದ ಕಡತಗಳು ಬೇರೆ ಕಂಪ್ಯೂಟರಿನಲ್ಲಿ ಅರ್ಥವಿಲ್ಲದ ಚಿಹ್ನೆಗಳಾಗಿ ತೆರೆದುಕೊಳ್ಳುತ್ತವೆ, ಮೊದಲು ಯುನಿಕೋಡಿಗೆ ಬದಲಾಯಿಸಿ. ಹಂಚುವುದು ಪಿಡಿಎಫ್, ಫಾಂಟು ಅದರೊಳಗೇ ಸೇರಿರಲಿ.

ಆಧಾರಗಳನ್ನು ಆಯಾ ಪುಟದ ಅಡಿಯಲ್ಲೇ ಕೊಡಿ, ಕೊನೆಗಲ್ಲ. ಮನೆಯವರು ವಾಟ್ಸಾಪಿನಲ್ಲಿ ಒಂದೇ ಪುಟದ ಫೋಟೋ ಕಳಿಸುತ್ತಾರೆ, ಅಡಿಟಿಪ್ಪಣಿ ಜೊತೆಗೆ ಹೋಗುತ್ತದೆ. ಅದೇ ಕಾರಣಕ್ಕೆ ಪ್ರತಿ ಪುಟದ ತಲೆಯಲ್ಲಿ ವರದಿಯ ಹೆಸರು, ಆವೃತ್ತಿ, 'ಪುಟ 3/14' ಇರಲಿ. ಅಡಿಟಿಪ್ಪಣಿಯ ಕ್ರಮ: ಯಾವ ಕಾಗದ, ಯಾವ ಕಚೇರಿ ಅಥವಾ ಯಾರ ಮನೆ, ನೋಂದಣಿ ಅಥವಾ ಪುಟ ಸಂಖ್ಯೆ, ಕಾಗದದ ತಾರೀಕು, ನೀವು ನೋಡಿದ ತಾರೀಕು, ನೋಡಿದ್ದು ಅಸಲೋ ನಕಲೋ. ಬಾಯಿಮಾತಾದರೆ ಹೇಳಿದವರು, ವಿಷಯಕ್ಕೂ ಅವರಿಗೂ ಇರುವ ನಂಟು, ದಿನ, ರೆಕಾರ್ಡಿಂಗಿನ ನಿಮಿಷ.

ಕಾಗದಗಳನ್ನು 300 ಡಿಪಿಐಯಲ್ಲಿ ಸ್ಕ್ಯಾನ್ ಮಾಡಿ, ಸಣ್ಣ ಕೈಬರಹಕ್ಕೆ 600. ಲಗ್ನಪತ್ರಿಕೆಯ ಹಿಂಬದಿಯನ್ನೂ ಲಕೋಟೆಯನ್ನೂ ಬಿಡಬೇಡಿ. ಅಂಚೆ ಮುದ್ರೆಯಲ್ಲಿ ತಾರೀಕು, ವಿಳಾಸದಲ್ಲಿ ಚಾಳಿನ ಹೆಸರು ಮತ್ತು ಖೋಲಿ ಸಂಖ್ಯೆ ಸಿಗುತ್ತವೆ. ಕಡತದ ಹೆಸರು ವರ್ಷದಿಂದ ಶುರುವಾಗಲಿ, ಆಮೇಲೆ ಕಾಗದದ ಬಗೆ, ವ್ಯಕ್ತಿಯ ಸಂಖ್ಯೆ: '1941-ಲಗ್ನಪತ್ರಿಕೆ-8'. ಅದೇ ಹೆಸರು ಅಡಿಟಿಪ್ಪಣಿಯಲ್ಲೂ ಬರಲಿ.

ಬದುಕಿರುವವರ ಜನ್ಮದಿನ, ವಿಳಾಸ, ಆಧಾರ್ ಸಂಖ್ಯೆ ಹಂಚುವ ಪ್ರತಿಯಲ್ಲಿ ಬೇಡ, 'ಬದುಕಿದ್ದಾರೆ' ಎಂದಷ್ಟು ಸಾಕು. ದತ್ತು, ಎರಡನೇ ಮದುವೆ, ಬಿಟ್ಟುಹೋದ ಗಂಡನಂಥ ವಿಷಯ ಸಿಕ್ಕರೆ ಸಂಬಂಧಪಟ್ಟ ಹಿರಿಯರನ್ನು ಕೇಳಿ. ಅವರು ಬೇಡವೆಂದರೆ ಹಂಚುವ ಪ್ರತಿಯಲ್ಲಿ ಆ ಭಾಗ ಬಿಟ್ಟು, 'ಇಲ್ಲಿ ಒಂದು ಭಾಗ ತಡೆಹಿಡಿದಿದೆ' ಎಂದು ಬರೆಯಿರಿ. ಬದಲಿಗೆ ಸುಳ್ಳು ತುಂಬಬೇಡಿ.

'ಮುಂದೆ ನೋಡಬೇಕಾದದ್ದು' ಭಾಗದಲ್ಲಿ ಮೂರು ನಾಲ್ಕು ಕೆಲಸ ಸಾಕು, ಕ್ರಮ ಕಾಲಕ್ಕೆ ತಕ್ಕಂತೆ ಇರಲಿ. ಮೊದಲು 80 ದಾಟಿದ ಹಿರಿಯರ ಮಾತು, ಆಮೇಲೆ ಗೆದ್ದಲು ಹಿಡಿಯುತ್ತಿರುವ ಊರಿನ ಮನೆಯ ಪೆಟ್ಟಿಗೆ, ಆಮೇಲೆ ಶಾಲೆ ಮತ್ತು ದೇವಸ್ಥಾನದ ಪುಸ್ತಕ, ಕೊನೆಗೆ ಪತ್ರಾಗಾರ. ಪತ್ರಾಗಾರದ ಕಾಗದ ಮುಂದಿನ ವರ್ಷವೂ ಅಲ್ಲೇ ಇರುತ್ತದೆ. ಪ್ರತಿಯೊಂದರ ಮುಂದೆ ಯಾರು ಹೋಗುವುದು, ಯಾವ ತಿಂಗಳು ಎಂದು ಬರೆದು, ವರದಿಯನ್ನು ಕನಿಷ್ಠ ಮೂರು ಮನೆಗೆ ಕಾಗದದ ಪ್ರತಿಯಾಗಿಯೇ ಕಳಿಸಿ: ಒಂದು ಊರಿಗೆ, ಒಂದು ಮುಂಬಯಿಯಲ್ಲಿ, ಒಂದು ನಿಮ್ಮ ತೀರ್ಮಾನವನ್ನು ಒಪ್ಪದ ನೆಂಟರಿಗೆ. ಅವರು ಅಂಚಿನಲ್ಲಿ ಬರೆದು ತಿರುಗಿ ಕಳಿಸಿದ ತಿದ್ದುಪಡಿಗಳಿಂದ ಆವೃತ್ತಿ 2 ಶುರುಮಾಡಿ.